ಮುದ್ರಣ ಡಿಪ್ಲೊಮಾವೋ, ಊರಿನ ಪ್ರೆಸ್ಸೋ?

ಅಕ್ಕಾ, ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನು ಮುದ್ರಣ ಡಿಪ್ಲೊಮಾ ಓದಲು ಬೆಂಗಳೂರಿಗೆ ಕಳುಹಿಸಬೇಕೇ, ಹಾಸನದಲ್ಲೇ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ ಕೆಲಸ) ಕಲಿಸಿ ಪ್ರೆಸ್ಸಿಗೆ ಸೇರಿಸಬೇಕೇ ಎಂದು ಕೇಳಿದ್ದೀರಿ.

ಮೊದಲು ಖರ್ಚು. ಸರ್ಕಾರಿ ಕಾಲೇಜಿನ ಶುಲ್ಕಕ್ಕಿಂತ 3 ವರ್ಷದ ಊಟ, ವಸತಿಯೇ ಭಾರ. ಡಿಟಿಪಿ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಮನೆಯೂಟವೂ ತಪ್ಪುವುದಿಲ್ಲ.

ಕಲಿಕೆಯಲ್ಲಿ ಮಾತ್ರ ಅಂತರ ದೊಡ್ಡದು. ಡಿಟಿಪಿಯಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು, ಪುಟ ವಿನ್ಯಾಸ, ಲಗ್ನಪತ್ರಿಕೆ ಕೈಗೆ ಹತ್ತುತ್ತವೆ. ಆದರೆ ಪರದೆಯಲ್ಲಿ ಹೊಳೆದ ಹಸಿರು ಕಾಗದದ ಮೇಲೆ ಏಕೆ ಮಂಕಾಗುತ್ತದೆ? ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ. ಯಂತ್ರ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳಿಂದ ಕಟ್ಟುತ್ತದೆ. ಆಫ್‌ಸೆಟ್ ಮುದ್ರಣದ (ಅಚ್ಚನ್ನು ರಬ್ಬರ್ ಹೊದಿಕೆಯ ಮೂಲಕ ಕಾಗದಕ್ಕೆ ಇಳಿಸುವ ವಿಧಾನ) ಪ್ಲೇಟಿನಲ್ಲಿ ನೀರು ಮತ್ತು ಶಾಯಿಯ ಹದ, ಕಾಗದದ ನಾರಿನ ದಿಕ್ಕು, ಕಾಫಿಪುಡಿಯ ಪೊಟ್ಟಣಕ್ಕೆ ಬೇಕಾದ ಗ್ರಾವ್ಯೂರ್ (ಕೊರೆದ ಲೋಹದ ಉರುಳೆಯಿಂದ ಒತ್ತುವುದು), ಫ್ಲೆಕ್ಸೊ (ಉಬ್ಬಿದ ಮೆತ್ತನೆಯ ಪ್ಲೇಟಿನಿಂದ ಒತ್ತುವುದು) ವಿಧಾನಗಳು: ಇವನ್ನು ಕಾರಣಸಹಿತ ಕಲಿಯಲು ಡಿಪ್ಲೊಮಾವೇ ಸರಿ. ಆದರೂ ನೀರು, ಶಾಯಿಯ ಹದವನ್ನು ಕಣ್ಣಳತೆಯಲ್ಲೇ ಹಿಡಿಯುವ ಹಿರಿಯ ಕೆಲಸಗಾರರು ನಮ್ಮ ಪ್ರೆಸ್ಸುಗಳಲ್ಲಿದ್ದಾರೆ. ಅವರ ಪಕ್ಕದಲ್ಲಿ ನಿಂತು ಕಲಿಯುವುದು ಯಾವ ತರಗತಿಯಲ್ಲೂ ಸಿಗದು, ಇದನ್ನು ಮನಸಾರೆ ಹೇಳುತ್ತೇನೆ.

ಡಿಪ್ಲೊಮಾದಿಂದ ಪ್ಯಾಕೇಜಿಂಗ್ ಕಾರ್ಖಾನೆ, ಪತ್ರಿಕಾ ಮುದ್ರಣಾಲಯಗಳ ದಾರಿ ತೆರೆಯುತ್ತದೆ. ಮುಂದೆ ಎಂಜಿನಿಯರಿಂಗಿನ 2ನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ. ಊರಿನಲ್ಲೇ ಅಂಗಡಿ ಇಡುವ ಆಸೆಯಿದ್ದರೆ, ಅಥವಾ ಮನೆಗೆ ಈಗಲೇ ಸಂಪಾದನೆ ಬೇಕಿದ್ದರೆ, ಡಿಟಿಪಿಯೇ ಹತ್ತಿರದ ದಾರಿ. ಹುಡುಗನಿಗೆ ಯಂತ್ರದ ಒಳಗುಟ್ಟು ತಿಳಿಯುವ ಹಂಬಲವಿದ್ದರೆ ಬೆಂಗಳೂರಿಗೆ ಕಳುಹಿಸಿ. ಅರ್ಜಿ ಹಾಕುವ ಮುನ್ನ ಒಂದು ವಾರ ಯಾವುದಾದರೂ ಪ್ರೆಸ್ಸಿನಲ್ಲಿ ಅವನನ್ನು ಕೂರಿಸಿ ನೋಡಿ.