ಮಾಂಡವಿ ಮೇಲೆ ಅಂದರ್ ಬಾಹರ್

ಪಣಜಿ ಜೆಟ್ಟಿಯಿಂದ ಸಣ್ಣ ಬೋಟಿನಲ್ಲಿ ಕರೆದೊಯ್ದು ಕ್ಯಾಸಿನೊ ಹಡಗು ಹತ್ತಿಸುತ್ತಾರೆ. ನದಿ ಮಾಂಡವಿ, ಅಂದರೆ ಖಾನಾಪುರದ ಕಾಡಿನಿಂದ ಬರುವ ನಮ್ಮ ಮಹದಾಯಿಯೇ. 21 ತುಂಬದವರಿಗೆ ಆಟವಿಲ್ಲ, ಗುರುತಿನ ಚೀಟಿ ಮರೀಬೇಡಿ.

ರೂಲೆಟ್‌ನಲ್ಲಿ ನಂಬರು ಹೊಡೆದರೆ ಒಂದಕ್ಕೆ 35. ಚಕ್ರದಲ್ಲಿ ಸೊನ್ನೆ ಸೇರಿ 37 ಮನೆ. ಲಾಭ ಯಾರಿಗೆಂದು ನೀವೇ ಲೆಕ್ಕ ಹಾಕಿ. ನಾನು ಬೇಗ ಎದ್ದೆ.

ಅಸಲಿ ಮಜಾ ಅಂದರ್ ಬಾಹರ್ ಟೇಬಲ್ಲಿನಲ್ಲಿ. ಮೊದಲು ತೆರೆದಿಡುವ ಎಲೆಯೇ ಜೋಕರ್; ಅದರ ಜೋಡಿ ಎಲೆ ಅಂದರ್ ಕಡೆ ಬೀಳುತ್ತೋ ಬಾಹರ್ ಕಡೆ ಬೀಳುತ್ತೋ ಅಂತ ಹಣ ಹಚ್ಚುವ ಆಟ. ನಮ್ಮ ಜೋಕರ್ ಇಸ್ಪೀಟ್ ರಾಣಿ. ಡೀಲರ್ ಆ ಕಡೆ ಒಂದು, ಈ ಕಡೆ ಒಂದು ಎಲೆ ಹಾಕುತ್ತ ಹೋದಂತೆ ಸೋದರಮಾವ ನನ್ನ ತೋಳು ಹಿಸುಕಿ, "ಬಾಹರ್‌ಗ ಹಚ್ಚಬೇಕಿತ್ತಲೋ ತಮ್ಮಾ!" ಅಂದರು. ರಾಣಿ ಬಿದ್ದದ್ದು ಅಂದರ್‌ಗೇ! ಅತ್ತೆ ಚಪ್ಪಾಳೆ ತಟ್ಟಿದ ಸದ್ದಿಗೆ ಪಕ್ಕದ ಟೇಬಲ್ಲಿನವರೂ ತಿರುಗಿ ನೋಡಿದರು.

ಟಿಕೆಟ್‌ನಲ್ಲೇ ಊಟ ಇತ್ತು. ಮೀನು ಚಲೋ, ಪಲ್ಯ ಸಪ್ಪೆ. ಹೊಗೆ ಆಗದವರು ಮೇಲಿನ ಡೆಕ್ಕಿಗೆ ಹೋಗಿ.