ಆಣಿಕ್ ಡಿಪೋದ ಬೆಸ್ಟ್ ಮ್ಯೂಸಿಯಂ: ಟ್ರಾಮ್ ಹುಚ್ಚಿದ್ದವರು ಹೋಗಲೇಬೇಕು

ಮಾಟುಂಗಾ, ಸಯನ್ ಕಡೆ ಇರುವ ನಮ್ಮವರೇ, ಇಷ್ಟು ಹತ್ತಿರ ಇದ್ದೂ ನೋಡಿಲ್ಲ ಅಂದ್ರೆ ಹೇಗೆ? ಮುಂಬೈಯ ಸಿಟಿ ಬಸ್ ಓಡಿಸುವ ಬೆಸ್ಟ್ (BEST) ಸಂಸ್ಥೆಯ ಬಸ್ ಡಿಪೋದೊಳಗೇ ಇರುವ ಮ್ಯೂಸಿಯಂ ಇದು, ಹೊರಗಿಂದ ನೋಡಿದರೆ ಗೊತ್ತೇ ಆಗಲ್ಲ. ಟಿಕೆಟ್ ಇಲ್ಲ, ಫ್ರೀ.

ಮುಂಬೈಯಲ್ಲಿ ಟ್ರಾಮ್ ಓಡಿದ್ದು 1874ರಿಂದ, ಮೊದಲು ಕೊಲಾಬಾದಿಂದ ಪಾಯಧುನಿಗೆ, ಅದೂ ಕುದುರೆ ಎಳೆದು! ಕರೆಂಟಿನ ಟ್ರಾಮ್ ಬಂದದ್ದು 1907ರಲ್ಲಿ, ಜನ ಜಾಸ್ತಿಯಾದಂತೆ 1920ರಲ್ಲಿ ಡಬಲ್ ಡೆಕ್ಕರ್ ಕೂಡ. ಇಲ್ಲಿರುವ ಟ್ರಾಮಿನ ಪುಟ್ಟ ಮಾದರಿಗಳ ಹತ್ತಿರ ಬಗ್ಗಿ ನೋಡಿ, ಸುಮ್ನೆ ದಾಟಿ ಹೋಗಬೇಡಿ. ಹಳೇ ಟಿಕೆಟ್‌ಗಳು, ಕಂಡಕ್ಟರ್ ಟಿಕೆಟ್ ಮಷಿನ್‌ಗಳೂ ಇವೆ, ನನಗೆ ಅವೇ ಹೆಚ್ಚು ಇಷ್ಟವಾದವು.

ಕೊನೇ ಟ್ರಾಮ್ 1964ರ ಮಾರ್ಚ್ 31ರ ರಾತ್ರಿ ಬೋರಿಬಂದರ್‌ನಿಂದ ದಾದರ್‌ಗೆ ಓಡಿತು. ಕೋಲ್ಕತ್ತಾದವರು ಇನ್ನೂ ಎಷ್ಟೋ ವರ್ಷ ಓಡಿಸಿದರು, ನಾವು ಹಳಿಯ ಮೇಲೆ ಡಾಂಬರು ಹಾಕಿ ಕೂತೆವು, ಹೊಟ್ಟೆ ಉರಿಯುತ್ತೆ ಅಲ್ವಾ? ಎಷ್ಟೋ ವರ್ಷಗಳ ಮೇಲೆ ಫ್ಲೋರಾ ಫೌಂಟನ್ ಹತ್ತಿರ ರಸ್ತೆ ಅಗೆದಾಗ ಆ ಹಳಿಗಳು ಮತ್ತೆ ಕಂಡವು.

ಮಕ್ಕಳಿಗೆ ಖಂಡಿತ ಇಷ್ಟವಾಗುತ್ತೆ. ವಾರದಲ್ಲಿ ಕೆಲವು ದಿನ ಮ್ಯೂಸಿಯಂಗೆ ರಜೆ ಇರುತ್ತೆ, ಕೇಳಿಕೊಂಡೇ ಹೋಗಿ.