ಭ್ರೂಣದ ಕೋಶವೋ, ಚರ್ಮದ ಕೋಶವೋ?

ಯಾವ ಬಗೆಯ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಸಂಶೋಧನೆಯನ್ನು ಬೆಂಬಲಿಸಲಿ ಎಂದು ಯೋಚಿಸುವವರು ಮೊದಲು ಕೇಳಬೇಕಾದ್ದು: ಕೋಶ ಬಂದದ್ದು ಎಲ್ಲಿಂದ?

ಭ್ರೂಣದ ಕೋಶ: 1998ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಥಾಮ್ಸನ್ ತಂಡ ಮಾನವ ಭ್ರೂಣದಿಂದ ಇದನ್ನು ಬೇರ್ಪಡಿಸಿ ಬೆಳೆಸಿತು. ದೇಹದ ಯಾವ ಅಂಗಾಂಶವಾದರೂ ಆಗಬಲ್ಲದು. ಆದರೆ ತೆಗೆಯುವಾಗ ಸುಮಾರು 5 ದಿನದ ಭ್ರೂಣ ಸಾಮಾನ್ಯವಾಗಿ ನಾಶವಾಗುತ್ತದೆ. ಅದೂ ಒಂದು ಜೀವ ಎನ್ನುವವರ ಸಂಕಟವನ್ನು ತಳ್ಳಿಹಾಕಲಾಗದು. ಆದರೂ ಕೃತಕ ಗರ್ಭಧಾರಣೆಯಲ್ಲಿ ಉಳಿದು, ಹೇಗೂ ಎಸೆಯಲಿರುವ ಭ್ರೂಣವನ್ನು ದಂಪತಿ ತಿಳಿದು ಒಪ್ಪಿ ಕೊಟ್ಟರೆ ಬಳಸುವುದು ತಪ್ಪಲ್ಲ ಎಂದೇ ನನ್ನ ನಂಬಿಕೆ.

ಐಪಿಎಸ್ ಕೋಶ (ಸಾಮಾನ್ಯ ಕೋಶವನ್ನು ಮಾರ್ಪಡಿಸಿ ಪಡೆದ ಸ್ಟೆಮ್ ಸೆಲ್): ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶವನ್ನೇ ಭ್ರೂಣಕೋಶದಂಥ ಸ್ಥಿತಿಗೆ ಮರಳಿಸಿದರು. ಭ್ರೂಣ ಬೇಕಿಲ್ಲ. ಗಡ್ಡೆ ಬೆಳೆಯುವ ಅಪಾಯ ಮಾತ್ರ ಎರಡರಲ್ಲೂ ಇದೆ.

ವಯಸ್ಕರ ದೇಹದಲ್ಲೇ ಇರುವ ಸ್ಟೆಮ್ ಸೆಲ್‌ಗೆ ವಿವಾದ ಕಡಿಮೆ, ವ್ಯಾಪ್ತಿಯೂ ಕಡಿಮೆ. ಆದರೆ ಇಂಥ ಕೋಶವನ್ನೇ ಬಳಸುವ ಮೂಳೆಮಜ್ಜೆ ಕಸಿ ದಶಕಗಳಿಂದ ಜೀವ ಉಳಿಸುತ್ತಿದೆ.